ನೀರು ಕುಡಿಯದಿರಲು ಕಲಿಸಿದ್ದು

ಹೊಸಬರನ್ನು ನನ್ನ ಜೊತೆ ಮೂರು ದಿನ ಕಳಿಸುತ್ತಿದ್ದರು. ಮನೆಮನೆಗೆ ಹೋಗಿ ವ್ಯಾಕ್ಸಿಂಗ್, ಫೇಶಿಯಲ್, ಪೆಡಿಕ್ಯೂರ್ ಮಾಡುವ ಕೆಲಸ ನಮ್ಮದು. ಗಿರಾಕಿ ಆ್ಯಪಿನಲ್ಲಿ ಬುಕ್ ಮಾಡುತ್ತಾಳೆ, ನಾವು ಬ್ಯಾಗು ಹೊತ್ತುಕೊಂಡು ಹೋಗಿ ಬೆಲ್ ಒತ್ತುತ್ತೇವೆ. ಕಂಪನಿಯ ತರಬೇತಿ ಕೇಂದ್ರದಲ್ಲಿ ಎಷ್ಟೇ ಕಲಿಸಿದ್ದರೂ ಮೊದಮೊದಲು ಕೈ ನಡುಗುತ್ತದೆ, ಅದಕ್ಕೇ ಹಳಬರ ಹಿಂದೆ ಮೂರು ದಿನ ಸುತ್ತಿಸುವ ಪದ್ಧತಿ. ಹಲಸೂರು, ಇಂದಿರಾನಗರ, ಕಮ್ಮನಹಳ್ಳಿ, ವಿಮಾನಪುರ, ಇಷ್ಟು ಏರಿಯಾಕ್ಕೆ ಹಳಬಳು ಅಂದರೆ ನಾನು. ನನ್ನ ಹತ್ತಿರ ಕಲಿತವರ ಮೇಲೆ ದೂರು ಬರುವುದು ಕಡಿಮೆ ಎಂದು ಆಫೀಸಿನವರೊಬ್ಬರು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಆ ಒಂದು ಮಾತನ್ನು ನಮ್ಮ ಮರ್ಫಿ ಟೌನ್ ಬೀದಿಯಲ್ಲಿ ನಾನು ಹೇಳಿಕೊಳ್ಳದ ಮನೆಯಿಲ್ಲ.

ಕೇಂದ್ರದಲ್ಲಿ ಎಲ್ಲವನ್ನೂ ಕಲಿಸುತ್ತಾರೆ. ಬಾಗಿಲು ತೆರೆದಾಗ ಎಷ್ಟು ನಗಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಗಿರಾಕಿಯ ಮೈಮೇಲೆ ಕಲೆಯಿದ್ದರೆ ಹೇಗೆ ಕಾಣದವರಂತೆ ಇರಬೇಕು, ಎಲ್ಲವೂ ಪಾಠವೇ. ಮೂತ್ರಕ್ಕೆ ಎಲ್ಲಿ ಹೋಗಬೇಕು ಎನ್ನುವುದನ್ನು ಮಾತ್ರ ಕಲಿಸುವುದಿಲ್ಲ. ಕೇಳಿದರೆ, ಗಿರಾಕಿಯನ್ನೇ ವಿನಯವಾಗಿ ಕೇಳಿ ಎನ್ನುತ್ತಾರೆ. ಹಾಗೆ ಹೇಳುವವರ ಕುರ್ಚಿಯ ಹಿಂದೆಯೇ ಒಂದು ಬಾಗಿಲಿರುತ್ತದೆ, ಅದರ ಮೇಲೆ ಹೆಂಗಸಿನ ಚಿತ್ರ ಅಂಟಿಸಿರುತ್ತದೆ.

ನಾನೂ ಮೊದಲ ವರ್ಷ ವಿನಯವಾಗಿಯೇ ಕೇಳಿದ್ದೆ. ಇಂದಿರಾನಗರದ ಒಂದು ಮನೆ. ಆಕೆ ಹೋಗಿ ಬಾ ಎಂದು ಬಾಯಿ ತುಂಬ ಹೇಳಿದಳು. ಹೋಗಿ ಬಂದೆ, ಕೆಲಸ ಮುಗಿಸಿದೆ, ಆಕೆ ಥ್ಯಾಂಕ್ಸ್ ಕೂಡ ಹೇಳಿದಳು. ಸ್ಕೂಟರ್ ಸ್ಟಾರ್ಟ್ ಮಾಡುವುದರೊಳಗೆ ಫೋನಿನಲ್ಲಿ ಒಂದೇ ಒಂದು ನಕ್ಷತ್ರ ಬಂದಿತ್ತು, ಕೆಳಗೆ ಇಂಗ್ಲಿಷಿನಲ್ಲಿ ನನ್ನ ಬಾತ್‌ರೂಮ್ ಬಳಸಿದಳು, ಸ್ವಚ್ಛತೆ ಇಲ್ಲ ಎಂದು ಬರೆದಿದ್ದಳು. ನಾಲ್ಕು ದಿನ ನನ್ನ ಐಡಿ ಬಂದ್ ಆಯಿತು. ಬಂದ್ ಆದರೆ ಬುಕಿಂಗೇ ಬರುವುದಿಲ್ಲ. ಮತ್ತೆ ಕೇಂದ್ರಕ್ಕೆ ಹೋಗಿ, ಹೊಸ ಹುಡುಗಿಯರ ಮಧ್ಯೆ ಕೂತು, ಕೈ ತೊಳೆಯುವುದು ಹೇಗೆ ಎಂಬ ವಿಡಿಯೋ ನೋಡಿ ಬಂದೆ. ಆ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯೊಳಗೆ ಹಾಗೇ ಇದೆ. ಅವತ್ತಿನಿಂದ ವರ್ಷಗಟ್ಟಲೆ ಯಾವ ಮನೆಯಲ್ಲೂ ನಾನು ಕೇಳಲಿಲ್ಲ.

ಕೇಳದೆ ಇರಬೇಕಾದರೆ ಮೈಯನ್ನು ಪಳಗಿಸಬೇಕು. ಬೆಳಿಗ್ಗೆ ಎದ್ದ ತಕ್ಷಣ ಒಂದು ಲೋಟ ಟೀ. ಆಮೇಲೆ ಕೊನೆಯ ಮನೆ ಮುಗಿಯುವವರೆಗೆ ಏನೂ ಇಲ್ಲ. ಮಧ್ಯಾಹ್ನಕ್ಕೆ ಚಪಾತಿ, ಒಣ ಪಲ್ಯ. ಮಜ್ಜಿಗೆ, ಸಾರು, ಕಲ್ಲಂಗಡಿ ಇವನ್ನೆಲ್ಲ ರಜೆ ದಿನಕ್ಕೆ ಇಟ್ಟುಕೊಳ್ಳಬೇಕು. ಬಾಯಿ ಒಣಗಿದರೆ ಹುಣಸೆಹಣ್ಣಿಗೆ ಉಪ್ಪು ಒತ್ತಿ ನಾಲಿಗೆ ಕೆಳಗೆ ಇಟ್ಟುಕೊಂಡರೆ ಜೊಲ್ಲು ಊರುತ್ತದೆ, ಒಂದು ಗಂಟೆ ಹೋಗುತ್ತದೆ. ತೀರಾ ತಡೆಯಲಾಗದಿದ್ದರೆ ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಳ್ಳಬೇಕು, ನುಂಗಬಾರದು. ಇದೆಲ್ಲ ನನಗೆ ನನ್ನ ಮುಂಚಿನವಳು ಕಲಿಸಿದ್ದು. ಆಕೆ ಕೆಲಸ ಬಿಟ್ಟು ಊರಿಗೆ ಹೋದಳು, ಯಾಕೆ ಹೋದಳೆಂದು ನಾನು ಕೇಳಲೂ ಇಲ್ಲ. ನಾನು ಆ ವಿದ್ಯೆಯನ್ನು ಇನ್ನಷ್ಟು ಬೆಳೆಸಿದೆ.

ಇಷ್ಟಾದರೂ ಮೈ ಕೇಳದ ದಿನಗಳಿರುತ್ತವೆ, ಮುಟ್ಟಿನ ದಿನಗಳಿರುತ್ತವೆ. ಅದಕ್ಕೆ ನನ್ನ ತಲೆಯೊಳಗೆ ಇಡೀ ಏರಿಯಾದ ಬಾತ್‌ರೂಮುಗಳ ನಕಾಶೆಯೇ ಇತ್ತು. ಹಲಸೂರಿನ ಪೆಟ್ರೋಲ್ ಬಂಕಿನದಕ್ಕೆ ಚಿಲಕವಿಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಳ್ಳಬೇಕು. ಇಂದಿರಾನಗರದ ದೊಡ್ಡ ಬಟ್ಟೆ ಅಂಗಡಿಯ ಮೂರನೇ ಮಹಡಿಯದು ಅರಮನೆ, ಆದರೆ ಕಂಪನಿಯ ಟೀಶರ್ಟ್ ಕಂಡರೆ ಬಾಗಿಲಲ್ಲೇ ತಡೆಯುತ್ತಾರೆ, ಮೇಲೊಂದು ದುಪಟ್ಟಾ ಸುತ್ತಿಕೊಂಡು ಹೋಗಬೇಕು. ಮೆಟ್ರೋದಲ್ಲಿ ಆಗಬಹುದು, ಆದರೆ ಬ್ಯಾಗನ್ನು ಮೆಷಿನ್ನಿಗೆ ಹಾಕಿ, ಒಳಗಿನ ಹೀಟರ್ ಏನು, ಡಬ್ಬಿಯಲ್ಲಿರುವ ವ್ಯಾಕ್ಸ್ ಏನು ಎಂದು ವಿವರಿಸುವಷ್ಟರಲ್ಲಿ ಮುಂದಿನ ಬುಕಿಂಗ್ ತಪ್ಪುತ್ತದೆ. ಶಿವಾಜಿನಗರ ಬಸ್‌ಸ್ಟ್ಯಾಂಡಿನದಕ್ಕೆ ಹೋಗುವ ಬದಲು ತಡೆದುಕೊಳ್ಳುವುದೇ ಮೇಲು. ಈ ನಕಾಶೆಯನ್ನು ಹೊಸಬರಿಗೆ ಒಪ್ಪಿಸುವಾಗ ನನಗೊಂದು ಜಂಬ ಬರುತ್ತಿತ್ತು. ನಾಚಿಕೆ ಬರಬೇಕಾಗಿದ್ದ ಜಾಗದಲ್ಲಿ ಜಂಬ ಬರುತ್ತಿತ್ತು.

ಹೀಗಿರುವಾಗ ಅಕ್ಕ ಬಂದಳು. ಹೊಸಬರೆಂದರೆ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನವರು. ಈಕೆಗೆ ನಲವತ್ತು ಹತ್ತಿರವಾಗಿತ್ತು, ನನಗಿಂತ ಹತ್ತು ವರ್ಷ ದೊಡ್ಡವಳು. ಯಾದಗಿರಿ ಕಡೆಯವಳು. ಗಂಡನಿಗೆ ಕಟ್ಟಡಗಳ ಸೆಂಟ್ರಿಂಗ್ ಕೆಲಸ, ಕೆ.ಆರ್. ಪುರದ ಹತ್ತಿರ ಹಳೇ ಊರಿನ ಗೌಡರೊಬ್ಬರು ಹೊಲದಲ್ಲಿ ಸಾಲಾಗಿ ಕಟ್ಟಿಸಿದ ಬಾಡಿಗೆ ರೂಮುಗಳಲ್ಲಿ ಒಂದರಲ್ಲಿ ಸಂಸಾರ. ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು, ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಈ ಕೆಲಸ ಕಲಿತು ಬಂದಿದ್ದಳು. ನನ್ನ ಅಪ್ಪ ಅಮ್ಮನೂ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರೇ. ನಾನು ಮಾತ್ರ ಇಲ್ಲೇ ಹುಟ್ಟಿ, ಬೀದಿಯ ತಮಿಳು ಉರ್ದುವಿನೊಂದಿಗೆ ಬೆಳೆದು, ಅವರ ಮಾತನ್ನು ಮರೆತವಳು. ಅವಳು ಬಾಯಿ ಬಿಟ್ಟ ಕೂಡಲೇ ನಮ್ಮಮ್ಮನ ದನಿ ಕೇಳಿದಂತಾಗಿ ನಾನು ಅಕ್ಕ ಎಂದುಬಿಟ್ಟೆ. ಅವಳು ನನ್ನನ್ನು ಯವ್ವಾ ಎಂದಳು. ಕಲಿಸುವವಳು ಚಿಕ್ಕವಳು, ಕಲಿಯುವವಳು ದೊಡ್ಡವಳು, ಇದಕ್ಕೆ ಇಬ್ಬರೂ ನಕ್ಕೆವು.

ಅವಳ ಕೈ ಒಳ್ಳೆಯದಿತ್ತು. ಬಟ್ಟೆಯ ಅಂಚು ಹಿಡಿದು ಹಿಡಿದು ಪಳಗಿದ ಬೆರಳು, ವ್ಯಾಕ್ಸ್ ಪಟ್ಟಿ ಎಳೆದರೆ ಗಿರಾಕಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ತೊಂದರೆ ಒಂದೇ. ಅವಳು ಎರಡು ಲೀಟರಿನ ಬಾಟಲಿ ಹೊತ್ತುಕೊಂಡು ಬಂದಿದ್ದಳು. ಮೊದಲ ಮನೆಗೆ ಹೋಗುವಷ್ಟರಲ್ಲಿ ಅರ್ಧ ಖಾಲಿ ಮಾಡಿದಳು, ಎರಡನೇ ಮನೆಯಿಂದ ಹೊರಗೆ ಬರುವಷ್ಟರಲ್ಲಿ ಮೂತ್ರಕ್ಕೆ ಅವಸರವಾಗಿದೆ ಎಂದಳು. ಪೆಟ್ರೋಲ್ ಬಂಕಿಗೆ ಕರೆದುಕೊಂಡು ಹೋದೆ. ಒಂದು ಗಂಟೆಯಾದ ಮೇಲೆ ಮತ್ತೆ. ಅದರಿಂದ ಮೂರನೇ ಮನೆಗೆ ತಡವಾಗಿ, ಗಿರಾಕಿ ಬಾಗಿಲಲ್ಲೇ ಮುಖ ಗಂಟಿಕ್ಕಿದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊರಗೆ ಬಂದ ಮೇಲೆ ಚೆನ್ನಾಗಿ ಬೈದೆ. ನಲವತ್ತು ವರ್ಷದ ಹೆಂಗಸು ಸ್ಕೂಲ್ ಮಗುವಿನ ಹಾಗೆ ಗಂಟೆಗೊಂದು ಸಲ ಕೈ ಎತ್ತಿದರೆ ಈ ಕೆಲಸ ಆಗುವುದಿಲ್ಲ, ಗಾರ್ಮೆಂಟ್ಸಿನಲ್ಲಿ ಹೇಗೆ ಇದ್ದಿರಿ ಎಂದು ಕೇಳಿದೆ. ಅಲ್ಲಿ ಸೂಪರ್‌ವೈಸರ್ ಟೈಮ್ ಬರೆದುಕೊಳ್ಳುತ್ತಿದ್ದ, ಬೈಯುತ್ತಿದ್ದ, ಆದರೂ ಹೋಗಲಿಕ್ಕೆ ಒಂದು ಜಾಗವಾದರೂ ಇತ್ತು ಎಂದಳು.

ಎರಡನೇ ದಿನ ಕಮ್ಮನಹಳ್ಳಿಯ ಒಂದು ಬೇಕರಿ ಮುಂದೆ ಬುಕಿಂಗಿಗೆ ಕಾಯುತ್ತಿದ್ದಾಗ ನಾನು ನನ್ನ ವಿದ್ಯೆಯನ್ನೆಲ್ಲ ಅವಳಿಗೆ ಬಿಚ್ಚಿದೆ. ಟೀ, ಚಪಾತಿ, ಹುಣಸೆಹಣ್ಣು, ಒದ್ದೆ ತುಟಿ. ಅವಳು ತಲೆ ತಗ್ಗಿಸಿ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಂಗ ಸಕ್ಕರಿ ಅದ ಯವ್ವಾ. ಡಾಕ್ಟರು ನೀರು ಭಾಳ ಕುಡೀರಿ ಅಂದಾರ. ಆಫೀಸಿನಾಗ ಹೇಳಿಲ್ಲ ನಾ, ತಗೋತಾರೋ ಇಲ್ಲೋ ಅಂತ."

ಸಕ್ಕರೆ ಕಾಯಿಲೆ ಯಾರಿಗಿಲ್ಲ ಅಕ್ಕ, ನಮ್ಮ ಬೀದಿಯಲ್ಲಿ ಮನೆಗೊಬ್ಬರಿಗಿದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಡಾಕ್ಟ್ರಿಗೇನು ಅಕ್ಕ, ಅವ್ರ ಆಸ್ಪತ್ರೇಲಿ ಮಹಡಿಗೊಂದು ಬಾತ್‌ರೂಮ್ ಇದೆ. ಅವ್ರು ಕುಡೀರಿ ಅಂತಾರೆ. ನಾವೆಲ್ಲಿ ಹೋಗ್ಬೇಕು?"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬೇಕರಿಯವನೂ ನಕ್ಕ. ಒಳ್ಳೆಯ ಮಾತು ಆಡಿದೆನೆಂದು ನನಗೆ ಖುಷಿಯಾಯಿತು. ಮೂರನೇ ದಿನ ಅವಳು ಅರ್ಧ ಲೀಟರಿನ ಬಾಟಲಿ ತಂದಿದ್ದಳು, ಸಂಜೆ ತೋರಿಸಿದಾಗ ಅದು ಹೆಚ್ಚುಕಡಿಮೆ ತುಂಬಿಯೇ ಇತ್ತು. ಶಭಾಷ್ ಎಂದು ಅವಳ ಬೆನ್ನು ತಟ್ಟಿದೆ. ಈಗ ಯೋಚಿಸಿದರೆ ಆ ದಿನ ಪೂರ್ತಿ ಅವಳು ಮಾತೇ ಆಡಿರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿರಬೇಕು.

ಆಮೇಲೆ ಅವಳು ಒಬ್ಬಳೇ ಓಡಾಡತೊಡಗಿದಳು. ಸ್ಕೂಟರ್ ಇರಲಿಲ್ಲ, ಬಸ್ಸು, ಶೇರ್ ಆಟೋ, ಇಲ್ಲದಿದ್ದರೆ ಕಾಲ್ನಡಿಗೆ. ಮಗುವೊಂದರ ಭಾರದ ಬ್ಯಾಗು ಬೆನ್ನ ಮೇಲೆ. ವಾರಕ್ಕೆ ಎರಡು ಮೂರು ಸಲ ಫೋನ್ ಮಾಡುತ್ತಿದ್ದಳು. ಗಿರಾಕಿಗಳ ಕತೆ ಹೇಳಿ ನಗಿಸುತ್ತಿದ್ದಳು. ಒಬ್ಬಳು ನಾಯಿಗೂ ಉಗುರು ಕತ್ತರಿಸು ಎಂದಳಂತೆ, ಕತ್ತರಿಸಿ ಬಂದಳಂತೆ, ನಾಯಿಯೇ ನಕ್ಷತ್ರ ಕೊಟ್ಟಿದ್ದರೆ ಐದು ಬರುತ್ತಿತ್ತು ಎಂದಳು. ಅವಳ ಮೇಲೆ ಒಂದು ದೂರೂ ಬಂದಿರಲಿಲ್ಲ. ಹೊಸಬರ ಪೈಕಿ ನನಗೆ ಅತಿ ಹೆಚ್ಚು ಹೆಮ್ಮೆ ತಂದವಳು ಅವಳೇ.

ಬೇಸಿಗೆ ಶುರುವಾದ ಮೇಲೆ ಒಂದು ದಿನ ಉರಿಮೂತ್ರ ಆಗುತ್ತಿದೆ ಎಂದಳು. ಅದು ನಮ್ಮಲ್ಲಿ ನೆಗಡಿಯಿದ್ದಂತೆ, ಬರದವರಿಲ್ಲ. ನನ್ನ ಬ್ಯಾಗಿನ ಸೈಡ್ ಜಿಪ್ಪಿನಲ್ಲಿ ಅದಕ್ಕೆಂದೇ ಮೆಡಿಕಲ್ ಶಾಪಿನ ಮಾತ್ರೆಯ ಒಂದು ಪಟ್ಟಿ ಸದಾ ಇರುತ್ತಿತ್ತು. ಹಲಸೂರು ಕೆರೆಯ ಹತ್ತಿರ ಅವಳನ್ನು ನಿಲ್ಲಿಸಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟೆ. ರಜೆ ದಿನ ಬಾರ್ಲಿ ಗಂಜಿ ಕುಡಿಯಿರಿ, ಸರಿಹೋಗುತ್ತದೆ ಎಂದೆ. ನಾಲ್ಕು ದಿನ ಬಿಟ್ಟು ಕೇಳಿದಾಗ ಸರಿಹೋಯಿತು ಎಂದಳು. ಹದಿನೈದು ದಿನಕ್ಕೆ ಮತ್ತೆ ಶುರುವಾಯಿತು, ಮತ್ತೆ ಮಾತ್ರೆ ಕೊಟ್ಟೆ. ಡಾಕ್ಟರಿಗೆ ತೋರಿಸಿ ಎಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾನೇ ಯಾವತ್ತೂ ತೋರಿಸಿಕೊಂಡಿರಲಿಲ್ಲವಲ್ಲ.

ಅದು ಒಂದು ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಫೋನ್ ಬಂತು. ಚಳಿ ಬರುತ್ತಿದೆ, ಬೆನ್ನಿನ ಎಡಗಡೆ ಹಿಡಿದುಕೊಂಡಿದೆ, ಇಂದಿರಾನಗರದ ಬುಕಿಂಗ್ ಕ್ಯಾನ್ಸಲ್ ಮಾಡಲೇ ಎಂದು ಕೇಳಿದಳು. ಶನಿವಾರ ಭಾನುವಾರ ಕ್ಯಾನ್ಸಲ್ ಮಾಡಿದರೆ ಆ್ಯಪು ಸುಮ್ಮನಿರುವುದಿಲ್ಲ, ಐಡಿ ಬಂದ್ ಆಗುವ ಸಂಭವವೇ ಹೆಚ್ಚು. ನಾನು ವಿಮಾನಪುರದಲ್ಲಿ ಒಬ್ಬ ಹೆಂಗಸಿನ ಕಾಲು ಟಬ್ಬಿನಲ್ಲಿ ನೆನೆಹಾಕಿ, ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದೆ. ಅವಸರದಲ್ಲಿದ್ದೆ. ಇದೊಂದು ಮುಗಿಸಿ ಮಲಗಿಬಿಡಿ ಅಕ್ಕ, ಒಂದೂವರೆ ಗಂಟೆ ಕೆಲಸ ಅಷ್ಟೇ ಎಂದೆ. ಆಯ್ತು ಯವ್ವಾ ಎಂದಳು. ಅವಳು ನನ್ನ ಯಾವ ಮಾತನ್ನೂ ಮೀರಿದವಳಲ್ಲ.

ಹನ್ನೆರಡೂಕಾಲಿಗೆ ಆಫೀಸಿನಿಂದ ಫೋನ್. ನಿಮ್ಮವರು ಗಿರಾಕಿಯ ಮನೆಯಲ್ಲಿ ಕುಸಿದುಬಿದ್ದಿದ್ದಾರೆ, ನೀವು ಹತ್ತಿರದಲ್ಲಿದ್ದೀರಾ ಎಂದರು. ನನ್ನ ಮುಂದಿದ್ದ ಫೇಶಿಯಲ್ ಬುಕಿಂಗನ್ನು ಅವರೇ ತೆಗೆದುಹಾಕಿದರು. ಸ್ಕೂಟರ್ ಹೇಗೆ ಓಡಿಸಿದೆನೋ ನೆನಪಿಲ್ಲ. ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಸೆಕ್ಯೂರಿಟಿಯವನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳನ್ನು ಕೂರಿಸಿದ್ದರು. ಬ್ಯಾಗನ್ನು ಅಚ್ಚುಕಟ್ಟಾಗಿ ಪಕ್ಕದಲ್ಲಿಟ್ಟಿದ್ದರು. ಗಿರಾಕಿ, ಇನ್ನೂ ಒಂದು ಕಾಲಿಗಷ್ಟೇ ವ್ಯಾಕ್ಸ್ ಆಗಿದ್ದ ಹುಡುಗಿ, ಎಳನೀರು ಹಿಡಿದುಕೊಂಡು ನಿಂತಿದ್ದಳು. ಮನೆಯೊಳಗೆ ಮಲಗಿಸದೆ ಕೆಳಗೆ ಯಾಕೆ ತಂದಿರಿ ಎಂದು ನಾನು ಜೋರು ಮಾಡಿದೆ. ಇವರೇ ಹಟ ಮಾಡಿ ಕೆಳಗೆ ಬಂದರು ಎಂದಳು ಆ ಹುಡುಗಿ. ಅಕ್ಕನ ಪ್ಯಾಂಟು ಒದ್ದೆಯಾಗಿತ್ತು. ನನಗೆ ಆಗ ಅರ್ಥವಾಯಿತು.

ಅವಳ ಮೈ ಕಾದ ಹೆಂಚಿನಂತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಹಾಸಿಗಿ ಮ್ಯಾಲೆ ಆಗಿಲ್ಲ ಯವ್ವಾ. ಬಾಗಿಲ ಹೊರಗ ಬಂದ ಮ್ಯಾಲೇ ಆಗಿದ್ದು. ಅವ್ರು ಕಂಪ್ಲೇಂಟ್ ಮಾಡ್ತಾರೇನು, ಕೇಳು."

ಆಟೋದಲ್ಲಿ ಅವಳನ್ನು ತಬ್ಬಿ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಅವಳ ಗಂಡನಿಗೆ ಫೋನ್ ಮಾಡಿದೆ, ಅವನು ಸೈಟಿನಿಂದ ಸಿಮೆಂಟು ಮೆತ್ತಿದ ಕಾಲಿನಲ್ಲೇ ಬಂದ. ಸ್ಕ್ಯಾನ್ ಮಾಡಿಸಿ, ರಕ್ತ ತೆಗೆದು, ಮಧ್ಯಾಹ್ನ ಮೂರರ ಸುಮಾರಿಗೆ ಒಬ್ಬ ಲೇಡಿ ಡಾಕ್ಟರ್ ನಮ್ಮಿಬ್ಬರನ್ನೂ ಕರೆದರು. ಚಿಕ್ಕ ವಯಸ್ಸಿನವರು, ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಎಡಗಡೆಯ ಕಿಡ್ನಿಯಲ್ಲಿ ಕೀವು ತುಂಬಿದೆ, ಸೋಂಕು ರಕ್ತಕ್ಕೂ ಹೋಗಿದೆ, ಸಕ್ಕರೆ ಕಾಯಿಲೆಯವರಿಗೆ ಇದು ಬಹಳ ಅಪಾಯ, ಬದುಕುತ್ತಾರೆಂದು ಈಗಲೇ ಹೇಳಲಾಗದು ಎಂದರು. ಆಮೇಲೆ ಕಾಗದ ಎಳೆದುಕೊಂಡು ಪ್ರಶ್ನೆ ಕೇಳತೊಡಗಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ, ಎಷ್ಟು ಸಲ ಮೂತ್ರಕ್ಕೆ ಹೋಗುತ್ತಾರೆ, ಎಷ್ಟು ದಿನದಿಂದ ಉರಿ ಇದೆ. ಗಂಡನಿಗೆ ಏನೂ ಗೊತ್ತಿರಲಿಲ್ಲ, ನನ್ನ ಮುಖ ನೋಡಿದ. ಅವಳ ದಿನ ನನಗೆ ಬಾಯಿಪಾಠವಾಗಿತ್ತು. ನಾನೇ ಉತ್ತರ ಹೇಳಿದೆ. ಬೆಳಿಗ್ಗೆ ಒಂದು ಸಲ ಎಂದೆ. ಸಂಜೆ ಮನೆಗೆ ಹೋದ ಮೇಲೆ ಒಂದು ಸಲ ಎಂದೆ.

ಡಾಕ್ಟರ್ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

"ಶುಗರ್ ಪೇಷೆಂಟ್‌ಗೆ ನೀರು ಕುಡೀಬೇಡಿ ಅಂತ ಯಾರ್ರೀ ಹೇಳಿದ್ದು?"

ನಾನು ಗೋಡೆಯ ಮೇಲಿದ್ದ ಮಲೇರಿಯಾ ಪೋಸ್ಟರನ್ನು ನೋಡಿದೆ, ಅದರಲ್ಲಿದ್ದ ಸೊಳ್ಳೆಯ ಕಾಲು ಎಣಿಸಿದೆ. ನನ್ನ ಪಕ್ಕದಲ್ಲಿದ್ದ ಅವಳ ಗಂಡ, ಕೆಲಸ ಅಂಥಾದ್ದು ಮೇಡಂ, ಯಾರೂ ಹೇಳಿದ್ದಲ್ಲ ಎಂದ. ಡಾಕ್ಟರ್ ಅದನ್ನು ಒಪ್ಪಿಕೊಂಡು ಬರೆಯುತ್ತ ಹೋದರು. ಅವನು ನನ್ನನ್ನು ಉಳಿಸಲೆಂದು ಹಾಗೆ ಹೇಳಲಿಲ್ಲ, ಅವನಿಗೆ ನಿಜವಾಗಿ ಗೊತ್ತೇ ಇರಲಿಲ್ಲ. ಒಂದು ಮಾತು, ಬರೀ ನಾನು ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಜೀವನದಲ್ಲಿ ಎಷ್ಟೋ ಕಡೆ ಬೇಡದ ಮಾತಾಡಿ ಜಗಳ ತಂದುಕೊಂಡವಳು ನಾನು. ಆಡಬೇಕಾದ ಒಂದೇ ಒಂದು ಕಡೆ ಹೇಡಿಯಂತೆ ನಿಂತೆ.

ಅಕ್ಕ ಬದುಕಿದಳು. ಎಡಗಡೆಯ ಕಿಡ್ನಿ ತೆಗೆದರು. ಉಳಿದದ್ದೂ ಸಕ್ಕರೆಯಿಂದ ಮೊದಲೇ ಸೊರಗಿತ್ತು, ಈ ಸೋಂಕಿನಲ್ಲಿ ಅದೂ ಕೈಬಿಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದರು. ಕಂಪನಿಯಲ್ಲಿ ನಮಗೆ ವಿಮೆ ಇದೆ ಎಂದು ಸೇರುವಾಗ ಹೇಳಿದ್ದರು. ಫೋನ್ ಮಾಡಿ ಕೇಳಿದಾಗ, ಅದು ಕೆಲಸದ ವೇಳೆಯ ಅಪಘಾತಕ್ಕೆ, ಇದು ಕಾಯಿಲೆ ಎಂದರು. ಗಾಡಿಗೆ ಸಿಕ್ಕಿ ಕಾಲು ಮುರಿದಿದ್ದರೆ ಅಪಘಾತ. ತಿಂಗಳುಗಟ್ಟಲೆ ತಡೆದುಕೊಂಡು ಕಿಡ್ನಿ ಹೋದರೆ ಅದು ಅವಳ ಮೈಯ ತಪ್ಪು. ಆ ಫೋನಿನವರ ಹತ್ತಿರ ನಾನು ಕೂಗಾಡಿದೆ, ಅವರು ಕೊನೆಯವರೆಗೂ ಮೇಡಂ ಮೇಡಂ ಎನ್ನುತ್ತಲೇ ಇದ್ದರು. ಇಟ್ಟ ಮೇಲೆ ಈ ಮಾತುಕತೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಮೆಸೇಜ್ ಬಂತು.

ನಾನು ಕೆಲಸ ಬಿಡಲಿಲ್ಲ. ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತೇನೋ, ಆದರೆ ಬಿಡಲಿಲ್ಲ. ನೀರು ಕುಡಿಯಲು ಶುರುಮಾಡಿದೆ. ಮೂರು ದಿನ ಕುಡಿದೆ. ಮೂರನೇ ದಿನ ಕಮ್ಮನಹಳ್ಳಿಯ ಒಂದು ಮನೆಯಲ್ಲಿ ತಡೆಯಲಾಗದೆ ಕೇಳಿದೆ. ಆಕೆ ಯೋಚಿಸಿ, ಕೆಳಗೆ ವಾಚ್‌ಮನ್ ರೂಮಿನ ಹಿಂದೆ ಒಂದಿದೆ, ಅಲ್ಲಿಗೆ ಹೋಗಿ ಎಂದಳು. ಅದಕ್ಕೆ ಬೀಗ ಹಾಕಿತ್ತು. ಮೇಲೆ ಬಂದು ಮೊಣಕಾಲು ಒತ್ತಿಹಿಡಿದು ಅವಳ ಹುಬ್ಬು ತಿದ್ದಿದೆ. ನಾಲ್ಕನೇ ದಿನದಿಂದ ಮತ್ತೆ ನನ್ನ ಹಳೇ ದಾರಿಗೇ ಬಂದೆ.

ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಅಕ್ಕನ ರೂಮಿಗೆ ಹೋದೆ. ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿ ನೋಡಿದ್ದೆ, ಆದರೆ ಅಲ್ಲಿ ಸುತ್ತ ಜನ, ಮಾತಾಡಲು ಆಗಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಪಾದ ಊದಿಕೊಂಡಿದ್ದವು. ಪಕ್ಕದಲ್ಲಿ ಒಂದು ಸಣ್ಣ ಬಾಟಲಿ, ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿತ್ತು. ಮೂತ್ರವೇ ಸರಿಯಾಗಿ ಆಗುವುದಿಲ್ಲವಾದ್ದರಿಂದ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಆ ಗೆರೆಯವರೆಗಿನ ನೀರು ಒಂದು ದಿನಕ್ಕೆ ಎಂದು ಡಾಕ್ಟರ್ ಹೇಳಿದ್ದಾರೆ ಎಂದಳು. ಜೊತೆಗೆ ಡಯಾಲಿಸಿಸ್‌ಗೆ ಬರುವ ಬೇರೆಯವರೆಲ್ಲ ಬಾಯಾರಿಕೆಗೆ ಅಳುತ್ತಾರಂತೆ.

"ನಂಗ ಅಷ್ಟು ತ್ರಾಸಿಲ್ಲ ಯವ್ವಾ. ನೀ ರೂಢಿ ಮಾಡ್ಸಿದ್ದಿ."

ಅವಳು ಚುಚ್ಚಲೆಂದು ಹೇಳಲಿಲ್ಲ. ಚುಚ್ಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನಾನು ಅತ್ತುಬಿಟ್ಟೆ. ಡಾಕ್ಟರ್ ಕೇಳಿದ್ದು, ನಾನು ಸುಮ್ಮನಿದ್ದದ್ದು, ಮಾತ್ರೆ ಕೊಟ್ಟದ್ದು, ಭಾನುವಾರ ಹೋಗಿ ಎಂದದ್ದು, ಎಲ್ಲ ಹೇಳಿದೆ. ನನ್ನಿಂದಲೇ ನಿಮಗೆ ಹೀಗಾಯಿತು ಎಂದೆ. ಅವಳು ನನ್ನ ತಲೆ ಸವರಿದಳು. ಇಲ್ಲ ಬಿಡು, ನನ್ನದು ಸಕ್ಕರೆ ಮೈ, ಏನು ಮಾಡಿದ್ದರೂ ಇವತ್ತಲ್ಲ ನಾಳೆ ಹೋಗುತ್ತಿತ್ತು, ನಮ್ಮವ್ವನಿಗೂ ಹೀಗೇ ಆಗಿ ಹೋದಳು ಎಂದಳು. ಎಷ್ಟು ಹೇಳಿದರೂ ಅವಳು ಅದನ್ನು ಒಪ್ಪಲಿಲ್ಲ. ನನ್ನ ತಪ್ಪನ್ನು ಹೊತ್ತುಕೊಂಡು ಹೋಗಿ ಅವಳ ಮುಂದಿಟ್ಟರೆ, ಅವಳು ಅದನ್ನು ತನ್ನ ಹಣೆಬರಹದ ಪಕ್ಕಕ್ಕೆ ತಳ್ಳಿಬಿಟ್ಟಳು.

ಆಮೇಲೆ ನಿನ್ನನ್ನು ಒಂದು ಮಾತು ಕೇಳಬೇಕೆಂದಿದ್ದೆ ಎಂದಳು. ಅವಳ ತಂಗಿ ಊರಿನಿಂದ ಬಂದಿದ್ದಳು. ಗಂಡ ಬಿಟ್ಟವಳು, ಮೂವತ್ತರ ಮೇಲಾಗಿತ್ತು, ಇವಳನ್ನು ನೋಡಿಕೊಳ್ಳಲೆಂದು ಬಂದು ಇಲ್ಲೇ ಉಳಿದಿದ್ದಳು. ಡಯಾಲಿಸಿಸ್ ದಿನಗಳಲ್ಲಿ ಅಕ್ಕನ ಗಂಡ ಸೈಟಿಗೆ ಹೋಗುವಂತಿಲ್ಲ, ಮನೆಯಲ್ಲಿ ಇನ್ನೊಬ್ಬರ ದುಡಿಮೆ ಬೇಕು. ಬ್ಯಾಗು ಹೇಗೂ ಮೂಲೆಯಲ್ಲಿದೆ. ತಂಗಿ ಕೇಂದ್ರದಲ್ಲಿ ಕಲಿತು ಮುಗಿಸಿದ್ದಾಳೆ, ಮೂರು ದಿನಕ್ಕೆ ನಿನ್ನ ಹತ್ತಿರವೇ ಹಾಕಿಸಿಕೋ ಎಂದಳು.

"ನಂಗ ಕಲಿಸಿದಂಗ ಆಕಿಗೂ ಕಲಿಸು. ಆಕಿಗೆ ಸಕ್ಕರಿ ಇಲ್ಲ, ನಾ ಚೆಕ್ ಮಾಡ್ಸೀನಿ. ಆಕಿಗೇನೂ ಆಗಂಗಿಲ್ಲ."

ಬೇಡ ಅಕ್ಕ, ಈ ಕೆಲಸವೇ ಬೇಡ ಎಂದೆ. ಬೇರೆ ಯಾವುದಿದೆ ಹೇಳು ಎಂದಳು. ಕೊನೆಗೆ ಕಲಿಸುತ್ತೇನೆ, ಆದರೆ ನೀರಿನ ವಿಷಯ ಮಾತ್ರ ಕಲಿಸುವುದಿಲ್ಲ ಎಂದೆ. ಅವಳು ನಕ್ಕಳು. ದಾರಿಯುದ್ದಕ್ಕೂ ನಾನು ಒಂದೇ ಯೋಚಿಸಿದೆ. ಈ ಸಲ ಸರಿಯಾಗಿ ಹೇಳುತ್ತೇನೆ. ಪ್ರತಿ ಮನೆಯಲ್ಲೂ ಕೇಳು, ಇಲ್ಲವೆಂದರೆ ಕೆಲಸ ಅರ್ಧಕ್ಕೆ ಬಿಟ್ಟು ಬಾ, ದೂರು ಬಂದರೆ ನಾನು ಆಫೀಸಿಗೆ ಬಂದು ಜಗಳವಾಡುತ್ತೇನೆ ಎನ್ನುತ್ತೇನೆ. ಇವಳೊಬ್ಬಳನ್ನಾದರೂ ಉಳಿಸಿಕೊಳ್ಳಬೇಕೆಂದು ಗಟ್ಟಿ ಮಾಡಿಕೊಂಡೆ.

ಸೋಮವಾರ ಬೆಳಿಗ್ಗೆ ತಂಗಿ ಕೆ.ಆರ್. ಪುರದಿಂದ ಬಸ್ಸು ಹತ್ತಿ ಹಲಸೂರಿನಲ್ಲಿ ಇಳಿದಳು. ಅಕ್ಕನದೇ ಎತ್ತರ, ಅದೇ ಚಪ್ಪಟೆ ಹಣೆ. ಟೀಶರ್ಟ್ ಅವಳಿಗೆ ದೊಗಲೆಯಾಗಿತ್ತು. ನಾನು ಕೈಚೀಲದಿಂದ ಒಂದು ಲೀಟರಿನ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಮೊದಲು ಇದನ್ನು ಕುಡಿಯಿರಿ, ಅರ್ಧವಾದರೂ ಖಾಲಿ ಮಾಡಿ ಎಂದೆ. ಅವಳು ಬಾಟಲಿ ತೆಗೆದುಕೊಂಡು ತುಟಿಗೆ ತಾಗಿಸಿದಳು. ಗಂಟಲು ಅಲ್ಲಾಡಲಿಲ್ಲ. ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು. ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ನನ್ನ ಮುಖ ನೋಡಿ ನಕ್ಕಳು.

"ಅಕ್ಕ ಎಲ್ಲಾ ಹೇಳಿ ಕೊಟ್ಟಾಳ್ರಿ. ನೀವು ಹಿಂಗ ಕೊಟ್ಟು ನೋಡ್ತೀರಿ ಅಂದಿದ್ಲು. ನಿನ್ನಿ ಸಂಜಿಯಿಂದ ಒಂದ್ ಹನಿ ಕುಡಿದಿಲ್ಲ ನಾ."

ನಾನು ಆಗ ಏನು ಮಾಡಬೇಕಿತ್ತು ಎಂದು ನನಗೆ ಗೊತ್ತು. ಬಾಟಲಿಯನ್ನು ಅವಳ ಕೈಗೆ ಮತ್ತೆ ತುರುಕಿ, ಅವಳು ಕುಡಿಯುವವರೆಗೆ ಅಲ್ಲೇ ನಿಂತಿರಬೇಕಿತ್ತು. ಫೋನಿನಲ್ಲಿ ಇಂದಿರಾನಗರದ ಬುಕಿಂಗ್ ಮಿನುಗುತ್ತಿತ್ತು, ತಲುಪಲು ಹದಿಮೂರು ನಿಮಿಷ ಎಂದು ತೋರಿಸುತ್ತಿತ್ತು, ಎರಡೂವರೆ ಗಂಟೆಯ ಕೆಲಸ, ಆ ಮನೆ ನನಗೆ ಗೊತ್ತಿತ್ತು, ಆಕೆ ಬಾತ್‌ರೂಮ್ ಕೊಡುವವಳಲ್ಲ. ಹತ್ತಿಕೊಳ್ಳಿ ಎಂದೆ. ಅವಳು ಹಿಂದೆ ಕೂತಳು.